ಒಕ್ಕದ ಕೂಟ ಐನ್‌ಮನೆಯಲ್ಲೇ ನಡೆಯಲಿ



ವಾರಾಂತ್ಯದಲ್ಲಿ ಮಡಿಕೇರಿಯ ರೆಸಾರ್ಟ್‌ಗಳಲ್ಲಿ ಕುಟುಂಬ ಕೂಟ ಏರ್ಪಡಿಸುವುದು ಈಗ ಹೆಚ್ಚುತ್ತಿದೆ. ಬೆಂಗಳೂರು, ಮೈಸೂರು, ಹೊರದೇಶಗಳಿಂದ ಬಂಧುಗಳು ಬರುತ್ತಾರೆ. ಇದು ಸಂತೋಷದ ಮಾತು. ಆದರೆ ಕೊಡವ ಒಕ್ಕಗಳ, ಅಂದರೆ ಮನೆತನಗಳ, ಕೂಟವೂ ರೆಸಾರ್ಟ್‌ಗೆ ಹೋಗುತ್ತಿರುವುದು ನನಗೆ ನೋವು ತಂದಿದೆ.

ಒಂದೇ ಒಕ್ಕದವರೆಲ್ಲರಿಗೂ ಸೇರಿದ ಮೂಲಮನೆಯಾದ ಐನ್‌ಮನೆ ಇರುವುದೇ ಇದಕ್ಕಾಗಿ. ನಡುಮನೆಯಲ್ಲಿ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿ, ದೀಪ ಹಚ್ಚಿ ಹಿರಿಯರನ್ನು ನೆನೆಯುತ್ತೇವೆ. ಕಿರಿಯರು ಹಿರಿಯರ ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಕಳೆದ ಸಲ ನಮ್ಮ ಒಕ್ಕ ಅಲ್ಲೇ ಸೇರಿತು. ಹೆಂಗಸರು, ಗಂಡಸರು ಒಟ್ಟಿಗೆ ಕುಳಿತು ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು ಕಟ್ಟಿದರು. ಹೊರದೇಶದಲ್ಲಿ ಹುಟ್ಟಿದ ಮಕ್ಕಳು ಹಿರಿಯರ ಗುಡಿಯಾದ ಕೈಮಡದ ಎದುರು ನಿಂತು ಹಿರಿಯರ ಹೆಸರು ಕೇಳಿ ಬರೆದುಕೊಂಡರು. ಇದು ಯಾವ ಬಾಡಿಗೆ ಕೋಣೆಯಲ್ಲೂ ಸಿಗುವುದಿಲ್ಲ.

ಒಕ್ಕ ಒಗ್ಗೂಡಿದರೆ ಎಷ್ಟು ಶಕ್ತಿ ಎಂಬುದಕ್ಕೆ ಕೊಡವರ ಹಾಕಿ ಹಬ್ಬವೇ ಸಾಕ್ಷಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಈ ಪಂದ್ಯಾವಳಿಯಲ್ಲಿ ಒಕ್ಕಗಳೇ ತಂಡಗಳು. ಒಂದೊಂದು ವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ.

ಅದೇ ಶಕ್ತಿ ಐನ್‌ಮನೆಯನ್ನು ಉಳಿಸಲೂ ಬೇಕು. ಮಳೆಯ ಊರಿನಲ್ಲಿ ಜನ ಇಲ್ಲದ ಮನೆ ಬಹಳ ಬೇಗ ಹಾಳಾಗುತ್ತದೆ. ಹೆಂಚು ಜಾರಿದರೆ ತೊಲೆ ಕೊಳೆಯುತ್ತದೆ. ರೆಸಾರ್ಟ್‌ಗೆ ಕೊಡುವ ಹಣದಲ್ಲಿ ಮಾಡು ಸರಿಪಡಿಸಬಹುದು, ಹೊಸ ಶೌಚಾಲಯ ಕಟ್ಟಿಸಬಹುದು. ವಯಸ್ಸಾದವರು ಅಲ್ಲಿ ಉಳಿಯಲು ಹಿಂಜರಿಯುವುದೇ ಶೌಚಾಲಯದ ಕಾರಣಕ್ಕೆ. ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರೂ ದುಡಿಯುವ ಕಿರಿಯರೂ ಈ ಬೇಸಿಗೆಯೊಳಗೆ ಕೂತು ಮಾತನಾಡಿ, ಮುಂದಿನ ಕೂಟವನ್ನು ಐನ್‌ಮನೆಯಲ್ಲೇ ನಡೆಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.

– ಕೊಡಗಿನ ಓದುಗ, ಮೈಸೂರು