ವರ್ಷಕ್ಕೊಂದು ಆಟ ಊರಲ್ಲಿ ಆಡಿ

ಟಾರ್ನೀಟ್‌ನಿಂದ ಮೆಲ್ಬರ್ನ್ ಪೇಟೆಗೆ ಹೋಗುವ ರೈಲು ಸನ್‌ಶೈನ್ ಬಿಟ್ಟ ಮೇಲೆ ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ. ವೆಸ್ಟ್ ಫುಟ್ಸ್‌ಕ್ರೇ ಹತ್ತಿರ ಬರುತ್ತಿದ್ದಂತೆ ನಾನು ಎಡಗಡೆ ಕಿಟಕಿಗೆ ತಿರುಗುತ್ತೇನೆ. ಮನೆಗಳ ಸೂರಿನ ಮೇಲೆ ದೀಪದ ಕಂಬಗಳು ಒಂದೆರಡು ಕ್ಷಣ ಕಂಡು ಮರೆಯಾಗುತ್ತವೆ. ಅದು ವಿಟನ್ ಓವಲ್, ನಮ್ಮ ಆಸ್ಟ್ರೇಲಿಯನ್ ಫುಟ್ಬಾಲ್ ತಂಡ ವೆಸ್ಟರ್ನ್ ಬುಲ್‌ಡಾಗ್ಸ್‌ನ ಹುಟ್ಟಿದ ಮನೆ. ಆಟದ ದಿನ ಆ ಬೋಗಿಯಲ್ಲಿ ಕೆಂಪು, ಬಿಳಿ, ನೀಲಿ ಸ್ಕಾರ್ಫ್ ಸುತ್ತಿಕೊಂಡವರೇ ತುಂಬಿರುತ್ತಾರೆ. ನಾವೆಲ್ಲ ಆ ಮೈದಾನವನ್ನು ದಾಟಿ, ಫುಟ್ಸ್‌ಕ್ರೇಯಲ್ಲೂ ಇಳಿಯದೆ, ಸದರ್ನ್ ಕ್ರಾಸ್‌ನಲ್ಲಿ ಇಳಿದು, ಮೇಲ್ಸೇತುವೆ ಹಾದು ಡಾಕ್‌ಲ್ಯಾಂಡ್ಸ್‌ನ ದೊಡ್ಡ ಸ್ಟೇಡಿಯಂ ಸೇರುತ್ತೇವೆ. ತವರಿನ ಬಾಗಿಲ ಮುಂದೆಯೇ ಹಾದು, ಬಾಡಿಗೆ ಛತ್ರದಲ್ಲಿ ಹಬ್ಬ ಮಾಡಿದ ಹಾಗೆ.

ಹದಿನೈದು ವರ್ಷಗಳಿಂದ ಈ ತಂಡದ ಹಿಂದೆ ಬಿದ್ದಿದ್ದೇನೆ. ಸೋತ ರಾತ್ರಿ ಊಟ ಸೇರುವುದಿಲ್ಲ. ಗೆದ್ದರೆ ಸೋಮವಾರದ ಕೆಲಸವೂ ಹಗುರ. ಇಷ್ಟು ವರ್ಷದಲ್ಲಿ ತಂಡದ ಮೇಲೆ ನನಗಿರುವ ಬೇಡಿಕೆ ಒಂದೇ: ಪುರುಷರ ತಂಡ ವರ್ಷಕ್ಕೆ ಒಂದು ಲೀಗ್ ಪಂದ್ಯವನ್ನಾದರೂ ವಿಟನ್ ಓವಲ್‌ನಲ್ಲಿ ಆಡಬೇಕು. 1997ರ ನಂತರ ಅಲ್ಲಿ ಅಂಥ ಪಂದ್ಯ ನಡೆದಿಲ್ಲ.

ಈ ಆಟವನ್ನು ನೋಡದವರಿಗೆ ಎರಡು ಮಾತು. ಕ್ರಿಕೆಟ್ ಮೈದಾನದಷ್ಟೇ ದೊಡ್ಡದಾದ ಅಂಡಾಕಾರದ ಅಂಗಳ, ಅಂಡಾಕಾರದ ಚೆಂಡು, ಒಂದೊಂದು ಕಡೆಗೆ 18 ಜನ. ಚೆಂಡನ್ನು ಒದೆಯಬಹುದು, ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಹೊಡೆದು ದಾಟಿಸಬಹುದು, ಎಸೆಯುವಂತಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲ್, 6 ಅಂಕ. ಪಕ್ಕಕ್ಕೆ ಸರಿದರೆ ಬಿಹೈಂಡ್, 1 ಅಂಕ. ಗುರಿ ತಪ್ಪಿದವನಿಗೂ ಒಂದು ಅಂಕ ಕೊಡುವ ಆಟ ಎಂಬುದೇ ನನ್ನನ್ನು ಮೊದಲು ಸೆಳೆದದ್ದು.

ಆದರೆ ತಂಡ ನನ್ನದಾದದ್ದು ಆಟದಿಂದಲ್ಲ, ನೆರೆಮನೆಯಿಂದ. ಮೆಲ್ಬರ್ನ್‌ಗೆ ಬಂದ ಹೊಸದರಲ್ಲಿ ನಾವು ಬಾಡಿಗೆಗಿದ್ದದ್ದು ವೆಸ್ಟ್ ಫುಟ್ಸ್‌ಕ್ರೇಯಲ್ಲಿ, ಬಾರ್ಕ್ಲಿ ಸ್ಟ್ರೀಟ್‌ಗೆ ಹತ್ತಿರ. ಆ ಬೀದಿಯಲ್ಲಿ ಮಸಾಲೆ ದೋಸೆ ಸಿಗುತ್ತದೆಂದೇ ಅಲ್ಲಿ ಮನೆ ಹುಡುಕಿದ್ದೆವು. ಅದೇ ಬೀದಿ ಹಿಡಿದು ಪೇಟೆಯ ಕಡೆ ನಡೆದರೆ ವಿಟನ್ ಓವಲ್. ಪಕ್ಕದ ಮನೆಯಲ್ಲಿ ಒಬ್ಬರು ಹಿರಿಯ ಹೆಂಗಸು ಇದ್ದರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಮಗಳು ಅವರನ್ನು ಅಜ್ಜಿ ಎಂದು ಕರೆಯಲು ಶುರುಮಾಡಿದಳು. ಅದರ ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರು ಬೇರೆ ಹೆಸರಿಗೆ ಓಗೊಡಲಿಲ್ಲ. ಒಂದು ಚಳಿಗಾಲದ ಸಂಜೆ ಬೇಲಿಯ ಆಚೆಯಿಂದ ಹಳೆಯ ಉಣ್ಣೆ ಸ್ಕಾರ್ಫ್ ಒಂದನ್ನು ನನ್ನ ಕೈಗಿಟ್ಟು, "ಪಶ್ಚಿಮದಲ್ಲಿ ಮನೆ ಮಾಡಿದ್ದೀಯ, ಇನ್ನು ಇದು ನಿನ್ನದು" ಎಂದರು. ಆಮೇಲೆ ಅವರೊಡನೆ ಎಷ್ಟು ಆಟ ನೋಡಿದೆನೋ ಲೆಕ್ಕವಿಲ್ಲ.

ಪಶ್ಚಿಮ ಅಂದರೆ ಮೆಲ್ಬರ್ನ್‌ನಲ್ಲಿ ಬರೀ ದಿಕ್ಕಲ್ಲ. ಕಸಾಯಿಖಾನೆ, ಹಗ್ಗದ ಕಾರ್ಖಾನೆ, ಮದ್ದುಗುಂಡಿನ ಕಾರ್ಖಾನೆ, ಕಲ್ಲುಗಣಿ, ಇವೆಲ್ಲ ಇದ್ದದ್ದು ಈ ಕಡೆ. ಯುರೋಪಿನಿಂದ, ವಿಯೆಟ್ನಾಮಿನಿಂದ, ಆಫ್ರಿಕಾದಿಂದ, ಈಗ ನಮ್ಮ ಕಡೆಯಿಂದ, ಬರಿಗೈಯಲ್ಲಿ ಬಂದವರು ಮೊದಲು ಬೇರೂರುವುದೂ ಈ ಕಡೆಯೇ. ಫುಟ್ಸ್‌ಕ್ರೇ ಎಂದು ಆಗ ಹೆಸರಿದ್ದ ನಮ್ಮ ತಂಡ 1925ರಲ್ಲಿ ದೊಡ್ಡ ಲೀಗ್ ಸೇರಿತು. 1954ರಲ್ಲಿ ಚಾರ್ಲಿ ಸಟನ್ ನಾಯಕನೂ ಕೋಚೂ ಆಗಿ ಮೊದಲ ಪ್ರೀಮಿಯರ್‌ಶಿಪ್ ಗೆದ್ದುಕೊಟ್ಟ. ಫೈನಲ್‌ನಲ್ಲಿ ಮೆಲ್ಬರ್ನ್ ತಂಡವನ್ನು 51 ಅಂಕಗಳಿಂದ ಸೋಲಿಸಿದ ಆ ತಂಡದಲ್ಲಿ 21 ವರ್ಷದ ಟೆಡ್ ವಿಟನ್ ಇದ್ದ. 321 ಆಟ ಆಡಿದ ವಿಟನ್‌ನನ್ನು ಇಡೀ ರಾಜ್ಯ 'ಮಿಸ್ಟರ್ ಫುಟ್ಬಾಲ್' ಎಂದು ಕರೆಯಿತು. 1995ರಲ್ಲಿ ಕ್ಯಾನ್ಸರಿನಿಂದ ಕಣ್ಣು ಹೋಗಿದ್ದ ಆತ ತೆರೆದ ಕಾರಿನಲ್ಲಿ, ಮಗ ಜೊತೆಗಿರಲು, ಮೆಲ್ಬರ್ನ್ ಕ್ರಿಕೆಟ್ ಮೈದಾನ ಎಂಸಿಜಿಯ ಸುತ್ತ ಕೊನೆಯ ಸುತ್ತು ಹಾಕಿದಾಗ ಎದುರಾಳಿ ತಂಡಗಳ ಅಭಿಮಾನಿಗಳೂ ಎದ್ದುನಿಂತು ಅತ್ತರು. ಎರಡು ತಿಂಗಳಲ್ಲಿ ತೀರಿಕೊಂಡ. ವೆಸ್ಟರ್ನ್ ಓವಲ್ ಆ ವರ್ಷ ವಿಟನ್ ಓವಲ್ ಆಯಿತು. ಅವನ ಪ್ರತಿಮೆ ಈಗಲೂ ಅಲ್ಲಿ ನಿಂತಿದೆ, ಪುರುಷರ ತಂಡ ಲೀಗ್ ಪಂದ್ಯ ಆಡದ ಮೈದಾನದ ಬಾಗಿಲಲ್ಲಿ.

ಅಜ್ಜಿಯ ಬಾಯಲ್ಲಿ ಮತ್ತೆ ಮತ್ತೆ ಬರುವುದು ಮಾತ್ರ 1954 ಅಲ್ಲ, 1989. ಆ ವರ್ಷದ ಅಕ್ಟೋಬರ್‌ನಲ್ಲಿ, ಸಾಲದಲ್ಲಿ ಮುಳುಗಿದ್ದ ಫುಟ್ಸ್‌ಕ್ರೇಯನ್ನು ಫಿಟ್ಜ್‌ರಾಯ್ ತಂಡದ ಜೊತೆ ವಿಲೀನ ಮಾಡಲಾಗಿದೆ ಎಂಬ ಸುದ್ದಿ ಬಂತು. ಹೊಸ ತಂಡಕ್ಕೆ ಹೆಸರೂ ಇಟ್ಟಾಗಿತ್ತು, ಫಿಟ್ಜ್‌ರಾಯ್ ಬುಲ್‌ಡಾಗ್ಸ್ ಎಂದು. ಕ್ಲಬ್ಬಿನ ಸದಸ್ಯರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಐರಿನ್ ಚಾಟ್‌ಫೀಲ್ಡ್ ಎಂಬ ಅಭಿಮಾನಿ ತನ್ನ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪೀಟರ್ ಗಾರ್ಡನ್ ಎಂಬ ಯುವ ವಕೀಲ ಹೋರಾಟದ ಮುಂದಾಳಾದರು. ಕೆಲವೇ ವಾರಗಳ ಗಡುವು ಸಿಕ್ಕಿತು. ಸಾವಿರಾರು ಜನ ಓವಲ್‌ನಲ್ಲಿ ಸೇರಿದರು. ಡಬ್ಬಿ ಹಿಡಿದು ಬೀದಿಗಳಲ್ಲಿ, ಅಂಗಡಿಗಳ ಮುಂದೆ, ಕಾರ್ಖಾನೆ ಗೇಟುಗಳಲ್ಲಿ ನಿಂತು ಚಂದಾ ಎತ್ತಿದರು. ಅಜ್ಜಿ ಎರಡು ಶನಿವಾರ ಮಾರುಕಟ್ಟೆಯಲ್ಲಿ ನಿಂತಿದ್ದರಂತೆ. "ನೋಟಿಗಿಂತ ಚಿಲ್ಲರೆಯೇ ಹೆಚ್ಚು, ಕೈ ಸೋಲುತ್ತಿತ್ತು" ಎನ್ನುತ್ತಾರೆ. ಸುಮಾರು 15 ಲಕ್ಷ ಡಾಲರ್ ಕೂಡಿತು, ತಂಡ ಉಳಿಯಿತು. ಫಿಟ್ಜ್‌ರಾಯ್‌ಗೆ ಆ ಭಾಗ್ಯ ಬಹಳ ದಿನ ಇರಲಿಲ್ಲ. 1996ರ ಕೊನೆಗೆ ಅದನ್ನು ಬ್ರಿಸ್ಬೇನ್‌ಗೆ ಸೇರಿಸಲಾಯಿತು.

ನನ್ನ ಬೇಡಿಕೆಯ ಬುಡ ಇರುವುದು ಇಲ್ಲಿ. 1989ರಲ್ಲಿ ಈ ತಂಡವನ್ನು ಉಳಿಸಿದ್ದು ಲೀಗ್ ಅಲ್ಲ, ಪ್ರಾಯೋಜಕರೂ ಅಲ್ಲ. ನಡೆದುಕೊಂಡೇ ಮೈದಾನಕ್ಕೆ ಬರುತ್ತಿದ್ದ ಜನ. ಕೂಡಲು ಅವರಿಗೆ ಒಂದು ಜಾಗ ಇತ್ತು. ಅದು ಊರ ನಡುವೆ ಇತ್ತು. ಅದೇ ಜನರಿಂದ ತಂಡವನ್ನು ಐದಾರು ಕಿಲೋಮೀಟರ್ ದೂರ ಒಯ್ದದ್ದು ದೊಡ್ಡ ಅನ್ಯಾಯ ಎನ್ನಲಾರೆ, ಹಣದ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಅಜ್ಜಿಗೆ ಈಗ 84. ವಾಕರ್ ಹಿಡಿದು ನಡೆಯುತ್ತಾರೆ. ಡಾಕ್‌ಲ್ಯಾಂಡ್ಸ್‌ನ ಸೇತುವೆ, ನೂಕುನುಗ್ಗಲು, ರಾತ್ರಿ ಹತ್ತೂವರೆಯ ರೈಲು ಅವರಿಗೆ ಸಾಧ್ಯವಿಲ್ಲ. ಪುರುಷರ ತಂಡವನ್ನು ಕಣ್ಣೆದುರು ನೋಡಿ ಆರು ವರ್ಷವಾಯಿತು. ಮಹಿಳೆಯರ ತಂಡ ವಿಟನ್ ಓವಲ್‌ನಲ್ಲಿ ಆಡುವ ದಿನ ಮಾತ್ರ ತಪ್ಪಿಸುವುದಿಲ್ಲ. ಮನೆಯಿಂದ ನಿಧಾನಕ್ಕೆ ಹೊರಟು, ಎರಡು ಕಡೆ ಕೂತು ದಣಿವಾರಿಸಿಕೊಂಡು, ಬೇಲಿಯ ಪಕ್ಕದ ಜಾಗ ಹಿಡಿಯುತ್ತಾರೆ. 2018ರಲ್ಲಿ ಬ್ರಿಸ್ಬೇನ್ ವಿರುದ್ಧ 6 ಅಂಕಗಳಿಂದ ಪ್ರೀಮಿಯರ್‌ಶಿಪ್ ಗೆದ್ದ ನಮ್ಮ ಹುಡುಗಿಯರು ಆಟ ಮುಗಿದ ಮೇಲೆ ಬೇಲಿಯ ಹತ್ತಿರ ಬಂದು ಮಕ್ಕಳ ಜೊತೆ, ಮುದುಕರ ಜೊತೆ ಮಾತಾಡಿ ಹೋಗುತ್ತಾರೆ. ಹಿಂದೆ ಪುರುಷರ ತಂಡವೂ ಹೀಗೆಯೇ ಕೈಗೆಟುಕುತ್ತಿತ್ತು ಎನ್ನುತ್ತಾರೆ ಅಜ್ಜಿ.

1954ರ ನಂತರದ ಕಾಯುವಿಕೆಯನ್ನು ಹೇಳದೆ ನಮ್ಮ ಕಥೆ ಪೂರ್ತಿಯಾಗುವುದಿಲ್ಲ. 1961ರ ಫೈನಲ್‌ನಲ್ಲಿ ಹಾತಾರ್ನ್‌ಗೆ ಸೋತೆವು. ಆಮೇಲೆ ಫೈನಲ್‌ನ ಮೆಟ್ಟಿಲವರೆಗೆ ಏಳು ಸಲ ಹೋಗಿ ಏಳು ಸಲವೂ ಅಲ್ಲಿಂದಲೇ ವಾಪಸ್. 1997ರದ್ದಂತೂ ಹಳಬರ ಎದೆಯಲ್ಲಿ ಇನ್ನೂ ಹಸಿ ಗಾಯ. ಅಡಿಲೇಡ್ ವಿರುದ್ಧ ಮುಂದಿದ್ದ ತಂಡ, ಕೊನೆಯ ಕ್ವಾರ್ಟರ್. ಟೋನಿ ಲಿಬರಟೋರೆ ಎತ್ತರಕ್ಕೆ ಒದ್ದ ಚೆಂಡು ಗೋಲ್ ಎಂದೇ ಕೈಯೆತ್ತಿ ಕುಣಿದ, ಗೋಲ್ ಅಂಪೈರ್ ಬೆರಳು ತೋರಿಸಿದ್ದು ಒಂದೇ. ಬಿಹೈಂಡ್. ಸೋತದ್ದು 2 ಅಂಕದಿಂದ. ಗುರಿ ತಪ್ಪಿದವನಿಗೂ ಒಂದು ಅಂಕ ಕೊಡುವ ಆಟ ಎಂದೆನಲ್ಲ, ಆ ಒಂದು ಅಂಕ ಎಷ್ಟು ಸಣ್ಣದು ಎಂಬುದನ್ನು ನಾನು ಕಲಿತದ್ದು ಆ ಹಳೆಯ ದೃಶ್ಯ ನೋಡಿ.

2016 ಹಾಗಾಗಲಿಲ್ಲ. ಏನೇನೂ ನಿರೀಕ್ಷೆ ಇರಲಿಲ್ಲ ಎಂಬುದೇ ಕಾರಣವೋ ಏನೋ. ಎರಡು ವರ್ಷದ ಹಿಂದೆ ನಾಯಕ ತಂಡ ಬಿಟ್ಟಿದ್ದ, ಕೋಚ್ ಹೋಗಿದ್ದ. ಹೊಸದಾಗಿ ಬಂದ ಲ್ಯೂಕ್ ಬೆವರಿಜ್ ಎಳೆಯರನ್ನು ಕಟ್ಟಿಕೊಂಡು ಹೊರಟಿದ್ದರು. ಹೊಸ ನಾಯಕ ಬಾಬ್ ಮರ್ಫಿ ಮೂರನೇ ಸುತ್ತಿನಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಬಿದ್ದ. ತಂಡ ಮುಗಿಸಿದ್ದು 7ನೇ ಸ್ಥಾನದಲ್ಲಿ, ಅಲ್ಲಿಂದ ಪ್ರೀಮಿಯರ್‌ಶಿಪ್ ಗೆದ್ದ ತಂಡ ಅದುವರೆಗೆ ಇರಲೇ ಇಲ್ಲ. ಪರ್ತ್‌ಗೆ ಹೋಗಿ ವೆಸ್ಟ್ ಕೋಸ್ಟ್ ಅನ್ನು 47 ಅಂಕಗಳಿಂದ ಬಡಿದರು. ಸತತ ಮೂರು ವರ್ಷ ಗೆದ್ದಿದ್ದ ಹಾತಾರ್ನ್ ಅನ್ನು ಮನೆಗೆ ಕಳಿಸಿದರು. ಸಿಡ್ನಿಯಲ್ಲಿ ಜಿಡಬ್ಲ್ಯುಎಸ್ ಜಯಂಟ್ಸ್ ಮೇಲೆ 6 ಅಂಕದ ಗೆಲುವು. ಎಂಟನೇ ಸಲಕ್ಕೆ ಆ ಮೆಟ್ಟಿಲು ಹತ್ತಿದ್ದೆವು.

ಅಕ್ಟೋಬರ್ 1, ಸಿಡ್ನಿ ವಿರುದ್ಧ ಫೈನಲ್. ನಮಗೆ ಟಿಕೆಟ್ ಸಿಕ್ಕಿರಲಿಲ್ಲ, ಅಜ್ಜಿಯ ಮನೆಯ ಹಳೆ ಸೋಫಾದ ಮೇಲೆ ಎಂಟು ಜನ ಕೂತಿದ್ದೆವು. ಕೊನೆಯ ನಿಮಿಷಗಳಲ್ಲಿ ಡೇಲ್ ಮಾರಿಸ್, ನಮ್ಮದೇ ಪಶ್ಚಿಮದ ವೆರಿಬೀ ತಂಡದಿಂದ ಮೇಲೆ ಬಂದ ಆಟಗಾರ, ಸಿಡ್ನಿಯ ಫ್ರಾಂಕ್ಲಿನ್‌ನನ್ನು ಹಿಡಿದು ಕೆಡವಿದ. ಸಿಡಿದ ಚೆಂಡು ಟಾಮ್ ಬಾಯ್ಡ್‌ಗೆ ಸಿಕ್ಕಿತು. ಬಾಯ್ಡ್ ಬಹಳ ದೂರದಿಂದ ಒದ್ದ. ಚೆಂಡು ನೆಲಕ್ಕೆ ಬಿದ್ದು ಪುಟಿದು ಪುಟಿದು ಕಂಬಗಳ ನಡುವೆ ಉರುಳಿತು. ಅಜ್ಜಿ ಕಿರುಚಲಿಲ್ಲ. ನನ್ನ ಮಗಳ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. 22 ಅಂಕಗಳ ಗೆಲುವು, 62 ವರ್ಷಗಳ ನಂತರ. ಆಮೇಲೆ ವೇದಿಕೆಯಲ್ಲಿ ಬೆವರಿಜ್ ತಮ್ಮ ಕೊರಳಿನ ಪದಕ ತೆಗೆದು, ಆಡಲಾಗದೆ ನಿಂತಿದ್ದ ಮರ್ಫಿಯನ್ನು ಮೇಲೆ ಕರೆದು ಅವನ ಕೊರಳಿಗೆ ಹಾಕಿದರು. 312 ಆಟ ಆಡಿ ಒಂದೂ ಫೈನಲ್ ಆಡದೆ ನಿವೃತ್ತನಾದವನು ಮರ್ಫಿ.

ಮರುದಿನ ಬೆಳಿಗ್ಗೆ ಆಟಗಾರರು ಬಟ್ಟಲು ಹಿಡಿದು ಬಂದದ್ದು ಎಲ್ಲಿಗೆ? ಡಾಕ್‌ಲ್ಯಾಂಡ್ಸ್‌ಗಲ್ಲ. ವಿಟನ್ ಓವಲ್‌ಗೆ. ಇಡೀ ಪಶ್ಚಿಮ ಅಲ್ಲಿಗೆ ಹರಿದು ಬಂತು. ಅಜ್ಜಿಯನ್ನು ನಾವೇ ಕರೆದೊಯ್ದೆವು. ಹುಲ್ಲಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲಿಗೆ ಬರಬೇಕೆಂದು ಆ ಜನಕ್ಕೆ ಗೊತ್ತಿತ್ತು, ತಂಡಕ್ಕೂ ಗೊತ್ತಿತ್ತು.

ಈಗಿನ ತಂಡದ ಬಗ್ಗೆ ನನಗೆ ಅಸಮಾಧಾನವೂ ಇದೆ, ಮುಚ್ಚಿಡುವುದಿಲ್ಲ. ಗೆದ್ದ ಮರುವರ್ಷವೇ ಮೊದಲ ಎಂಟರಿಂದ ಹೊರಬಿದ್ದೆವು. 2021ರಲ್ಲಿ ಐದನೇ ಸ್ಥಾನದಿಂದ ಮತ್ತೆ ಫೈನಲ್ ಮುಟ್ಟಿ ಪರ್ತ್‌ನಲ್ಲಿ ಮೆಲ್ಬರ್ನ್‌ಗೆ 74 ಅಂಕಗಳಿಂದ ಸೋತೆವು. ಮಾರ್ಕಸ್ ಬಾಂಟೆಂಪೆಲ್ಲಿಯಂಥ ನಾಯಕನಿದ್ದೂ, ಲೀಗ್‌ನ ಆಟಗಾರರೇ ಮತ ಹಾಕಿ ವರ್ಷದ ಶ್ರೇಷ್ಠ ಎಂದು ಒಂದಕ್ಕಿಂತ ಹೆಚ್ಚು ಸಲ ಆರಿಸಿದವನಿದ್ದೂ, ಮೊದಲ ನಾಲ್ಕರಲ್ಲಿ ನಿಲ್ಲುವ ಸ್ಥಿರತೆ ನಮಗೆ ಬರಲಿಲ್ಲ. ಅವನ ಎಡಗಾಲಿನ ಆಟದ ಒಳ್ಳೆಯ ವರ್ಷಗಳು ಹೀಗೆ ಕಳೆಯುತ್ತಿರುವುದು ನೋಡಲು ಸಂಕಟ. ಕೋಚ್ ಬದಲಾಗಲಿ ಎನ್ನುವವರು ರೈಲಿನಲ್ಲಿ ಬಹಳ. ನಾನು ಆ ಗುಂಪಿನವನಲ್ಲ. ತನ್ನ ಪದಕ ತೆಗೆದು ಇನ್ನೊಬ್ಬನಿಗೆ ಹಾಕಿದ ಮನುಷ್ಯನಿಗೆ ನಾನು ತೋರುವ ತಾಳ್ಮೆ ಸುಲಭಕ್ಕೆ ಮುಗಿಯುವುದಿಲ್ಲ.

ವಿಟನ್ ಓವಲ್ ಬೇಡ ಎನ್ನುವವರ ಮಾತು ನನಗೆ ಗೊತ್ತು. ಮೈದಾನ ಚಿಕ್ಕದು. ಕ್ಲಬ್ಬಿಗೆ 50 ಸಾವಿರಕ್ಕೂ ಹೆಚ್ಚು ಸದಸ್ಯರು, ಅಷ್ಟು ಜನಕ್ಕೆ ಜಾಗ ಎಲ್ಲಿ? ಡಾಕ್‌ಲ್ಯಾಂಡ್ಸ್ ಸ್ಟೇಡಿಯಂ 2016ರಿಂದ ಲೀಗ್‌ನದೇ ಸ್ವತ್ತು, ಅಲ್ಲಿ ಆಟ ಕಡಿಮೆಯಾಗುವುದು ಲೀಗ್‌ಗೆ ಹಿತವಲ್ಲ. ಸರಿ. ಆದರೆ ಇದೇ ಲೀಗ್ 2023ರಿಂದ ದಕ್ಷಿಣ ಆಸ್ಟ್ರೇಲಿಯಾದಲ್ಲಿ 'ಗ್ಯಾದರ್ ರೌಂಡ್' ನಡೆಸುತ್ತಿದೆ. ಅದರ ಪಂದ್ಯಗಳನ್ನು ನಾರ್ವುಡ್ ಓವಲ್‌ನಲ್ಲಿ, ಮೌಂಟ್ ಬಾರ್ಕರ್ ಎಂಬ ಸಣ್ಣ ಊರಿನಲ್ಲಿ, ದ್ರಾಕ್ಷಿ ತೋಟಗಳ ಬರೋಸಾದಲ್ಲಿ ಆಡಿಸಿದೆ. ಸಣ್ಣ ಅಂಗಳ, ಹತ್ತಿರದಲ್ಲಿ ನಿಂತ ಜನ, ಅದನ್ನೇ ಟಿವಿಯಲ್ಲಿ ಚೆಂದ ಎಂದು ತೋರಿಸಿದೆ. ಅಲ್ಲಿ ಸಾಧ್ಯವಾದದ್ದು ಫುಟ್ಸ್‌ಕ್ರೇಯಲ್ಲಿ ಯಾಕೆ ಆಗದು? ನಾವೇ 2017ರಿಂದ ಬ್ಯಾಲರಟ್‌ನ ಸಣ್ಣ ಸ್ಟೇಡಿಯಂನಲ್ಲಿ ಆಡಿದ್ದೇವಲ್ಲ. ಬ್ಯಾಲರಟ್ ಬೇಡ ಎನ್ನುತ್ತಿಲ್ಲ, ಅದೂ ಪಶ್ಚಿಮವೇ. ಅಲ್ಲಿಗೆ ಹೋದ ತಂಡ ತನ್ನ ಮನೆಗೂ ಬರಲಿ.

ಸೀಟು ಸಾಲದಿದ್ದರೆ ಸದಸ್ಯರ ಹೆಸರಲ್ಲಿ ಚೀಟಿ ಎತ್ತಲಿ. ನನ್ನ ಹೆಸರು ಬಾರದಿದ್ದರೆ ಬೇಸರವಿಲ್ಲ. ಎಪ್ಪತ್ತು ದಾಟಿದ, ಮೂವತ್ತು ವರ್ಷಕ್ಕೂ ಹೆಚ್ಚು ಸದಸ್ಯತ್ವ ಉಳಿಸಿಕೊಂಡ ಹಿರಿಯರಿಗೆ ಒಂದು ಭಾಗ ಮೊದಲೇ ತೆಗೆದಿಡಲಿ. ಇನ್ನೊಂದು ಭಾಗ ಪಶ್ಚಿಮದ ಟಾರ್ನೀಟ್, ಟ್ರುಗನೀನಾದ ಶಾಲೆಗಳ ಮಕ್ಕಳಿಗೆ ಹೋಗಲಿ. ಅವರ ಅಪ್ಪ ಅಮ್ಮಂದಿರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಕ್ಲಬ್ಬಿನ ಫೌಂಡೇಶನ್ ನಡೆಸುವ 'ಸನ್ಸ್ ಆಫ್ ದ ವೆಸ್ಟ್' ಎಂಬ ಉಚಿತ ಆರೋಗ್ಯ ಶಿಬಿರಕ್ಕೆ ನಾನೇ ಹೋಗಿದ್ದೇನೆ. ವಾರಕ್ಕೊಂದು ಸಂಜೆ ಪಂಜಾಬಿಗಳು, ಸುಡಾನಿನವರು, ಹಳೆಯ ಇಟಾಲಿಯನ್ ತಾತಂದಿರು ಒಟ್ಟಿಗೆ ಬಗ್ಗಿ ಎದ್ದು ಬೆವರಿಳಿಸುತ್ತಿದ್ದೆವು. ನನ್ನ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂದದ್ದು ಅಲ್ಲಿ. ಊರಿನವರ ರಕ್ತದೊತ್ತಡ ನೋಡುವ ಕ್ಲಬ್ಬು ಇದು. ಊರಿನವರ ಕಣ್ಣೆದುರು ಆಡುವುದು ಅದಕ್ಕೆ ಹೊರೆಯಾಗಬಾರದು.

ಹೋದ ಭಾನುವಾರ ಅಜ್ಜಿಗೆ ಈ ಅಂಕಣದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಆಟ ಮಧ್ಯಾಹ್ನದ್ದಾಗಿರಲಿ, ರಾತ್ರಿಯದು ಬೇಡ ಎಂದು ಬರಿ ಅಂದರು. ಬರೆದಿದ್ದೇನೆ. ಆ ದಿನ ಬಂದರೆ ನಾನು ಸದರ್ನ್ ಕ್ರಾಸ್‌ವರೆಗೆ ಹೋಗುವುದಿಲ್ಲ. ಮಗಳ ಜೊತೆ ಫುಟ್ಸ್‌ಕ್ರೇಯಲ್ಲಿ ಇಳಿದು, ಬಾರ್ಕ್ಲಿ ಸ್ಟ್ರೀಟ್ ಹಿಡಿದು ನಡೆದು, ವಿಟನ್ ಪ್ರತಿಮೆಯ ಹತ್ತಿರ ಅವರಿಗಾಗಿ ಕಾಯುತ್ತೇನೆ.