ಪುಸ್ತಕ ಮುಚ್ಚಿ ಒಪ್ಪಿಸಿ



ಪರೀಕ್ಷೆ ಹತ್ತಿರ ಬಂತೆಂದರೆ ನಿಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಹಳದಿ ಹೈಲೈಟರ್, ಮುಂದೆ ಅದೇ ನೋಟ್ಸು. ಓದಿದ್ದನ್ನೇ ಮತ್ತೆ ಓದುತ್ತೀರಿ. ಸಾಲುಗಳು ಪರಿಚಿತವಾಗುತ್ತವೆ, 'ಎಲ್ಲಾ ಬರುತ್ತೆ' ಎಂಬ ಧೈರ್ಯವೂ ಬರುತ್ತದೆ. ಆ ಧೈರ್ಯವನ್ನು ಸ್ವಲ್ಪ ಅನುಮಾನಿಸಿ. ಮುಖಪರಿಚಯ ಇದ್ದ ಮಾತ್ರಕ್ಕೆ ಹೆಸರು ನೆನಪಿಗೆ ಬರಬೇಕಲ್ಲ!

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪುಟ್ಟ ಪಾಠ ಕೊಟ್ಟು, ಒಂದನ್ನು ಎರಡನೆಯ ಸಲ ಓದಿಸಿದರು. ಇನ್ನೊಂದನ್ನು ನೋಡದೆ, ನೆನಪಿದ್ದಷ್ಟು ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಓದಿದ್ದೇ ಮೇಲು: ಶೇಕಡಾ 81, ಬರೆದದ್ದು 75. ವಾರ ಬಿಟ್ಟು ಕೇಳಿದವರಲ್ಲಿ ಓದಿದ್ದು 42ಕ್ಕೆ ಕುಸಿದಿತ್ತು, ಬರೆದದ್ದು 56 ಉಳಿದಿತ್ತು. ಆದರೂ 2009ರಲ್ಲಿ 177 ವಿದ್ಯಾರ್ಥಿಗಳನ್ನು ವಿಚಾರಿಸಿದರೆ, ನೋಡದೆ ನೆನಪಿಸಿಕೊಳ್ಳುತ್ತೇವೆ ಎಂದವರು ಶೇಕಡಾ 11 ಮಾತ್ರ. ಕಷ್ಟದ ದಾರಿ ಯಾರಿಗೆ ಬೇಕು?

ಊರಲ್ಲಿ ಅಜ್ಜಂದಿರು ಸಂಜೆ ಮಗ್ಗಿ 'ಒಪ್ಪಿಸು' ಎನ್ನುತ್ತಿದ್ದುದು ಇದನ್ನೇ. (ಅರ್ಥವಿಲ್ಲದ ಗಿಳಿಪಾಠ ಬೇರೆ ಮಾತು.) ಇಂದು ರಾತ್ರಿ ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಅಮ್ಮನಿಗೆ ಕನ್ನಡದಲ್ಲಿ ಒಪ್ಪಿಸಿ. ಇಂಗ್ಲಿಷಿನ ಸಿದ್ಧವಾಕ್ಯ ಅಲ್ಲಿ ನಡೆಯದು. ಅರ್ಥವಾಗದ ಕಡೆ ನಾಲಿಗೆ ತಾನಾಗಿ ತಡವರಿಸುತ್ತದೆ. ಆ ಪುಟವನ್ನಷ್ಟೇ ಮತ್ತೆ ತೆರೆಯಿರಿ.