ಹೆಸರು ಬದಲಿಸಿದ್ರೆ ಫೈಲ್ ಬದಲಾಗುತ್ತಾ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳೇ. ಆದ್ರೆ ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವು ನಾಲ್ಕೂ ಸೇರಿ 'ಮಧುಗಿರಿ ಶೈಕ್ಷಣಿಕ ಜಿಲ್ಲೆ'. ಈ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡ್ತಿರೋರಿಗೆ ಊರಿಂದ ಬರೋ ಒಂದು ಫೋನ್ ಕರೆ ಚೆನ್ನಾಗಿ ಗೊತ್ತಿರುತ್ತೆ: "ಅಣ್ಣಾ, ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೇ ದಿನ. ಫೋಟೋ ತಗೊಳ್ತಾನೇ ಇಲ್ಲ. ಇನ್‌ವ್ಯಾಲಿಡ್ ಫೈಲ್ ಟೈಪ್ ಅಂತ ಬರ್ತಿದೆ."

ಸೈಬರ್ ಸೆಂಟರಿನವರ ಹತ್ರ ಇದಕ್ಕೊಂದು ದಿಢೀರ್ ಮದ್ದು ಇದೆ. ಫೈಲ್ ಮೇಲೆ ರೈಟ್ ಕ್ಲಿಕ್, ರೀನೇಮ್, ಕೊನೆಯಲ್ಲಿರೋ 'ಪಿಎನ್‌ಜಿ' ಅಳಿಸಿ 'ಜೆಪಿಜಿ' ಅಂತ ಬರೆಯೋದು. ಕೆಲವು ಸಲ ಅಪ್‌ಲೋಡ್ ಆಗಿಬಿಡುತ್ತೆ, ಎಲ್ಲರಿಗೂ ಖುಷಿ. ಆದ್ರೆ ಅಲ್ಲೇ ಒಂದು ಪ್ರಶ್ನೆ ಕೇಳ್ಕೋಬೇಕು. ಹೆಸರು ಬದಲಿಸಿದ ಮಾತ್ರಕ್ಕೆ ಒಳಗೆ ಬಿಡ್ತು ಅಂದ್ರೆ, ಆ ಪೋರ್ಟಲ್ ನೋಡಿದ್ದು ಏನನ್ನ? ಬರೀ ಹೆಸರನ್ನ. ನಿಮ್ಮ ತಂಗಿ ಫೋಟೋನ ಒಳಗೆ ಬಿಟ್ಟ ಬಾಗಿಲು, ಬೇರೆಯವರ ಕಿತಾಪತಿ ಫೈಲನ್ನೂ ಹಾಗೇ ಬಿಡಬಹುದು.

ಹೆಸರು ಬೇರೆ, ಹೂರಣ ಬೇರೆ

ಚುಕ್ಕೆಯ ನಂತರ ಬರೋ ಜೆಪಿಜಿ, ಪಿಡಿಎಫ್ ಅನ್ನೋ ಬಾಲವನ್ನ ಎಕ್ಸ್‌ಟೆನ್ಷನ್ ಅಂತೀವಿ. ಅದು ಡಬ್ಬಿ ಮೇಲಿನ ಚೀಟಿ ಅಷ್ಟೆ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಕಾಫಿ ಸಿಹಿ ಆಗೋದಿಲ್ಲ.

ಫೈಲಿನ ನಿಜವಾದ ಗುರುತು ಬಹುತೇಕ ಅದರ ಮೊದಲ ಕೆಲವು ಬೈಟ್‌ಗಳಲ್ಲಿರುತ್ತೆ. ಜೆಪಿಜಿ ಚಿತ್ರ ಯಾವಾಗಲೂ 'ಎಫ್‌ಎಫ್ ಡಿ8 ಎಫ್‌ಎಫ್' ಅನ್ನೋ ಬೈಟ್‌ಗಳಿಂದ ಶುರುವಾಗುತ್ತೆ. ಪಿಡಿಎಫ್ ಶುರುವಾಗೋದು ಶೇಕಡಾ ಚಿಹ್ನೆ ಮತ್ತು 'ಪಿಡಿಎಫ್' ಅನ್ನೋ ಅಕ್ಷರಗಳಿಂದ. ಜಿಪ್ ಫೈಲಿನ ತಲೆಯಲ್ಲಿ 'ಪಿಕೆ' ಅಂತಿರುತ್ತೆ. ಆ ಫಾರ್ಮ್ಯಾಟ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು.

ಹೆಸರಿನ ಮೋಸ ಹೊಸದೇನಲ್ಲ. 2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ವೈರಸ್ ಜಗತ್ತಿನ ಇಮೇಲ್‌ಗಳನ್ನ ಅಲ್ಲಾಡಿಸಿಬಿಟ್ಟಿತ್ತು. ಜೊತೆಗೆ ಬಂದ ಫೈಲಿನ ಹೆಸರಲ್ಲಿ ಮೊದಲು 'ಟಿಎಕ್ಸ್‌ಟಿ', ಅದರ ಹಿಂದೆ 'ವಿಬಿಎಸ್' ಅಂತಿತ್ತು. ವಿಂಡೋಸ್ ಕೊನೇ ಬಾಲವನ್ನ ಮುಚ್ಚಿಡ್ತಿದ್ದರಿಂದ ಜನ ಅದನ್ನ ಪ್ರೇಮಪತ್ರ ಅಂತ ತೆರೆದ್ರು. ತೆರೆದ್ರೆ ಅದು ಪ್ರೋಗ್ರಾಂ.

ಸರ್ವರ್ ಯಾಕಿಷ್ಟು ಬಿಗಿ?

ಬ್ರೌಸರಿನಲ್ಲಿ ಫೈಲ್ ಅಪ್‌ಲೋಡ್ ಮಾಡೋ ಸೌಲಭ್ಯದ ಪ್ರಸ್ತಾವ ಬಂದಿದ್ದು 1995ರಲ್ಲಿ. ಅಲ್ಲಿವರೆಗೆ ವೆಬ್‌ಸೈಟ್ ಅಂದ್ರೆ ಹೆಚ್ಚಾಗಿ ಓದೋ ಜಾಗ. ಆಮೇಲೆ ಅಪರಿಚಿತರು ತಂದಿಡೋದನ್ನ ತನ್ನ ಮನೆಯೊಳಗೇ ಇಟ್ಟುಕೊಳ್ಳೋ ಜಾಗವೂ ಆಯ್ತು.

ತೊಂದರೆ ಏನಂದ್ರೆ, ಬಹಳಷ್ಟು ಸೈಟುಗಳು ಪಿಎಚ್‌ಪಿಯಂಥ ಭಾಷೆಯಲ್ಲಿ ನಡೆಯುತ್ತವೆ. ಫೋಟೋ ಜಾಗದಲ್ಲಿ ಯಾರೋ ಒಬ್ಬ ಪುಟ್ಟ ಪಿಎಚ್‌ಪಿ ಫೈಲ್ ಹಾಕ್ತಾನೆ ಅಂದ್ಕೊಳ್ಳಿ. ಸರ್ವರ್ ಅದನ್ನ ತಗೊಂಡು, ಹೊರಗಿಂದ ತೆರೆಯಬಹುದಾದ ಫೋಲ್ಡರಿನಲ್ಲಿ ಇಟ್ಟರೆ ಮುಗೀತು. ಅವನು ಬ್ರೌಸರಿನಲ್ಲಿ ಆ ವಿಳಾಸ ತೆರೆದ ಕೂಡಲೇ ಸರ್ವರ್ ಅದನ್ನ ಚಿತ್ರ ಅಂತ ತೋರಿಸೋ ಬದಲು ಆಜ್ಞೆ ಅಂತ ನಡೆಸುತ್ತೆ. ಇದಕ್ಕೆ ವೆಬ್ ಶೆಲ್ ಅಂತಾರೆ. ಅಲ್ಲಿಂದಾಚೆ ಆ ಸರ್ವರಿನಲ್ಲಿರೋ ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಆದಾಯ ಪತ್ರ, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲಾ ಅವನ ಕೈಗೆ ಸಿಗಬಹುದು. ಹೋಗೋದು ಒಂದು ಕಂಪ್ಯೂಟರಿನ ಮಾನ ಮಾತ್ರ ಅಲ್ಲ, ಅರ್ಜಿ ಹಾಕಿದ ಅಷ್ಟೂ ಮನೆಗಳ ಕಾಗದಪತ್ರ. ಭದ್ರತಾ ದೋಷಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಈ ದೋಷಕ್ಕೆ ತನ್ನದೇ ಸಂಖ್ಯೆ ಇದೆ: ಸಿಡಬ್ಲ್ಯೂಇ-434.

ಒಂದೇ ಬಾಗಿಲು ಸಾಲೋದಿಲ್ಲ

ಮಧುಗಿರಿ ಬೆಟ್ಟ ಹತ್ತಿದವರಿಗೆ ಗೊತ್ತು, ಆ ಕೋಟೆಗೆ ಒಂದೇ ಬಾಗಿಲಲ್ಲ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಅಂತ ಬೇರೆ ಬೇರೆ ಇವೆ. ಒಂದನ್ನ ದಾಟಿದ ಮಾತ್ರಕ್ಕೆ ಕೋಟೆ ಕೈವಶ ಆಗಬಾರದು. ಅಪ್‌ಲೋಡ್‌ಗೂ ಇದೇ ಲೆಕ್ಕ.

ಮೊದಲನೆಯದು, ಪಟ್ಟಿ. 'ಇವು ಬೇಡ' ಅಂತ ಪಟ್ಟಿ ಮಾಡಿದ್ರೆ ಯಾವುದೋ ಒಂದು ತಪ್ಪಿಹೋಗುತ್ತೆ. 'ಜೆಪಿಜಿ, ಪಿಎನ್‌ಜಿ, ಪಿಡಿಎಫ್, ಇಷ್ಟು ಮಾತ್ರ ಸಾಕು' ಅಂತ ಪಟ್ಟಿ ಮಾಡೋದೇ ಸರಿ. ಚಿತ್ರ ತಾನೇ ಅಂತ ಎಸ್‌ವಿಜಿಗೆ ಸುಮ್ಮನೆ ಜಾಗ ಕೊಡಬಾರದು, ಅದರೊಳಗೆ ಸ್ಕ್ರಿಪ್ಟ್ ಕೂರಿಸಬಹುದು.

ಎರಡನೆಯದು, ತಪಾಸಣೆ ಸರ್ವರಿನಲ್ಲೇ ನಡೀಬೇಕು. ಬ್ರೌಸರಿನಲ್ಲಿ ಮಾಡೋ ತಪಾಸಣೆ ಬಳಕೆದಾರರ ಅನುಕೂಲಕ್ಕೆ. ಕೆಡುಕು ಮಾಡೋನು ಬ್ರೌಸರ್ ಇಲ್ಲದೇನೇ ಫೈಲ್ ಕಳಿಸಬಲ್ಲ.

ಮೂರನೆಯದು, ಬಾಲದ ಜೊತೆ ತಲೆಯನ್ನೂ ನೋಡಬೇಕು. ಆದ್ರೆ ತಲೆ ಒಂದನ್ನೇ ನಂಬೋ ಹಾಗೂ ಇಲ್ಲ. ವರ್ಡ್‌ನ ಡಾಕ್ಸ್ ಫೈಲೂ 'ಪಿಕೆ'ಯಿಂದಲೇ ಶುರು, ಆಂಡ್ರಾಯ್ಡ್‌ನ ಎಪಿಕೆಯೂ 'ಪಿಕೆ'ಯಿಂದಲೇ ಶುರು, ಎರಡೂ ಒಳಗೆ ಜಿಪ್ಪೇ. ಜೆಪಿಜಿ ತಲೆಯ ಹಿಂದೆ ಕೋಡ್ ಅಂಟಿಸೋದೂ ಕಷ್ಟ ಅಲ್ಲ. ಅದಕ್ಕೇ ಚಿತ್ರವನ್ನ ಒಮ್ಮೆ ಬಿಚ್ಚಿ ಹೊಸದಾಗಿ ಜೆಪಿಜಿ ಮಾಡಿ ಉಳಿಸೋದು ಒಳ್ಳೇ ಅಭ್ಯಾಸ.

ನಾಲ್ಕನೆಯದು, ಬಂದ ಹೆಸರನ್ನ ಬಿಸಾಕಿ ಸರ್ವರೇ ಹೊಸ ಹೆಸರಿಡಬೇಕು. ಐದನೆಯದು ಎಲ್ಲಕ್ಕಿಂತ ಮುಖ್ಯ: ಫೈಲುಗಳು ಕೂರೋ ಜಾಗದಲ್ಲಿ ಯಾವ ಕೋಡೂ ನಡೆಯಬಾರದು, ವಿಳಾಸ ಗೊತ್ತಿದ್ದವರೆಲ್ಲ ಅಲ್ಲಿಗೆ ನೇರವಾಗಿ ಹೋಗೋ ಹಾಗೂ ಇರಬಾರದು. ಮೇಲಿನ ನಾಲ್ಕು ಬಾಗಿಲು ಸೋತರೂ ಇದೊಂದು ನಿಂತಿದ್ರೆ ಹಾನಿ ಬಹಳ ಕಡಿಮೆ.

ಬಿಗಿ ಇರಲಿ, ಒರಟು ಬೇಡ

ಹಾಗಂತ ಎಲ್ಲದಕ್ಕೂ 'ಇಲ್ಲ' ಅನ್ನೋದು ಭದ್ರತೆ ಅಲ್ಲ. 2017ರಲ್ಲಿ ಐಓಎಸ್ 11 ಬಂದಾಗಿನಿಂದ ಐಫೋನ್ ಫೋಟೋಗಳು ಎಚ್‌ಇಐಸಿ ರೂಪದಲ್ಲಿ ಉಳಿಯುತ್ತವೆ. ಅದು ಪೂರಾ ಸಾಚಾ ಫೋಟೋನೇ, ಆದ್ರೆ ಎಷ್ಟೋ ಫಾರ್ಮ್‌ಗಳು ಅದನ್ನ ಕಳ್ಳನ ಹಾಗೆ ಹೊರಗೆ ತಳ್ಳುತ್ತವೆ. ಹಳ್ಳಿಯಿಂದ ಬಸ್ ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದ ಹುಡುಗಿಗೆ 'ಇನ್‌ವ್ಯಾಲಿಡ್ ಫೈಲ್ ಟೈಪ್' ಅನ್ನೋ ಮೂರು ಪದದಿಂದ ಏನು ತಿಳೀಬೇಕು? 'ನೀವು ಕಳಿಸಿದ್ದು ಎಚ್‌ಇಐಸಿ. ನಮಗೆ ಬೇಕಿರೋದು ಜೆಪಿಜಿ, 200 ಕೆಬಿ ಒಳಗೆ' ಅಂತ ಕನ್ನಡದಲ್ಲಿ ಒಂದು ಸಾಲು ಬಂದಿದ್ರೆ ಅವಳ ಒಂದು ದಿನ ಉಳೀತಿತ್ತು. ಸರ್ವರೇ ಬದಲಾಯಿಸಿಕೊಂಡಿದ್ರೆ ಇನ್ನೂ ಚೆನ್ನ. ಕೊನೇ ದಿನ ತಪ್ಪಿದ ಅರ್ಜಿಗೆ, ಫೈಲಿನ ಬಾಲ ಸರಿ ಇರಲಿಲ್ಲ ಅಂತ ಯಾರೂ ಸ್ಕಾಲರ್‌ಶಿಪ್ ಕೊಡೋದಿಲ್ಲ.

ಈ ವಾರ ನಿಮ್ಮ ಫೋನಲ್ಲಿ

ಐಫೋನ್ ಇದ್ರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ. ಮುಂದಿನ ಫೋಟೋಗಳು ಜೆಪಿಜಿ ಆಗಿ ಬರುತ್ತವೆ.

ಅಂಕಪಟ್ಟಿ, ಆಧಾರ್ ಇವೆಲ್ಲ ಡಿಜಿಲಾಕರ್‌ನಲ್ಲಿ ಸಿಕ್ಕರೆ ಅಲ್ಲಿಂದಲೇ ಪಿಡಿಎಫ್ ಇಳಿಸಿಕೊಳ್ಳಿ. ಪತ್ರದ ಫೋಟೋದ ಸ್ಕ್ರೀನ್‌ಶಾಟ್‌ಗಿಂತ ಅದು ಎಷ್ಟೋ ವಾಸಿ.

ಸೈಜ್ ಇಳಿಸೋಕೆ ಗೂಗಲ್‌ನಲ್ಲಿ ಸಿಕ್ಕ ಯಾವುದೋ ಸೈಟಿಗೆ ಆಧಾರ್ ಕೊಡಬೇಡಿ. ಆಂಡ್ರಾಯ್ಡ್ ಫೋನಿನ ಗ್ಯಾಲರಿಯಲ್ಲೇ ಫೋಟೋ ಕತ್ತರಿಸಬಹುದು, ಪ್ರಿಂಟ್ ಒತ್ತಿ 'ಸೇವ್ ಆಸ್ ಪಿಡಿಎಫ್' ಮಾಡಬಹುದು. ಸೈಬರ್ ಸೆಂಟರಿನಲ್ಲಿ ಕೆಲಸ ಮುಗಿದ ಮೇಲೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ರೀಸೈಕಲ್ ಬಿನ್ ಮೂರೂ ಕಡೆ ನಿಮ್ಮ ಫೈಲ್ ಅಳಿಸಿಸಿ. ಕೇಳೋಕೆ ಸಂಕೋಚ ಬೇಡ.

ಇನ್ನು, ನಿಮ್ಮ ಫೋನಿಗೂ ಒಂದು ಪಟ್ಟಿ ಬೇಕು. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಅಂತ ಬರೋ ಫೈಲಿನ ಕೊನೆಯಲ್ಲಿ 'ಎಪಿಕೆ' ಇದ್ರೆ ಅದು ಕರೆಯೋಲೆ ಅಲ್ಲ, ಆಪ್. ಚಿತ್ರ, ಪಿಡಿಎಫ್ ಸರಿ, ಎಪಿಕೆ ಯಾರು ಕಳಿಸಿದ್ರೂ ಮುಟ್ಟಬೇಡಿ ಅಂತ ಅಪ್ಪ ಅಮ್ಮನಿಗೂ ಹೇಳಿ. ಒತ್ತಿ ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಸರ್ಕಾರದ್ದೋ ಬೇರೆಯವರದ್ದೋ ಪೋರ್ಟಲಿಗೆ ಏನೇನೋ ಹಾಕಿ ಪರೀಕ್ಷೆ ಮಾಡೋಕೆ ಹೋಗಬೇಡಿ, ಅನುಮತಿ ಇಲ್ಲದೆ ಮಾಡಿದ್ರೆ ಕಾನೂನಿನ ತೊಡಕು. ಕಣ್ಣಿಗೆ ಬಿದ್ದ ದೋಷವನ್ನ ಸರ್ಟ್-ಇನ್‌ಗೆ ತಿಳಿಸಬಹುದು. ಆದ್ರೆ ಓದಿದ ಶಾಲೆಗೋ, ಊರಿನ ಸಂಘಕ್ಕೋ ಪುಕ್ಕಟೆಯಾಗಿ ವೆಬ್‌ಸೈಟ್ ಮಾಡಿಕೊಟ್ಟಿರೋರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಅದರಲ್ಲಿ ಫೋಟೋ ಹಾಕೋ ಫಾರ್ಮ್ ಇದ್ರೆ, ಇವತ್ತು ಸಂಜೆ ಅರ್ಧ ಗಂಟೆ ಕೂತು ಆ ಐದು ಬಾಗಿಲುಗಳನ್ನ ಒಂದೊಂದಾಗಿ ನೋಡ್ಕೊಂಡು ಬನ್ನಿ. ಪುಕ್ಕಟೆ ಮಾಡಿಕೊಟ್ಟ ಸೈಟಿನಲ್ಲೂ ಊರವರ ಕಾಗದಪತ್ರ ನಿಜವಾದದ್ದೇ ಇರುತ್ತೆ.